ಕುರ್ಲಾದ ಸೀಗಡಿ ಅಂಗಡಿ: ಹಿಂಭಾಗಕ್ಕೆ 4 ಸ್ಟಾರ್, ಮುಂಭಾಗಕ್ಕೆ 1

ಮೊದಲೇ ಹೇಳಿಬಿಡುತ್ತೇನೆ, ಇದು ಮೀನಿನ ಅಂಗಡಿಯ ರಿವ್ಯೂ, ಆದರೆ ನಾನು ಅಲ್ಲಿ ಒಂದೇ ಒಂದು ಮೀನನ್ನೂ ಕೊಂಡಿಲ್ಲ. ಕೊಂಡದ್ದು ಸೀಗಡಿ, ಬಸವನಹುಳು, ಒಂದು ಗಾಜಿನ ಟ್ಯಾಂಕು, ಜೊತೆಗೆ ಒಂದಿಷ್ಟು ತಲೆನೋವು. ಅಂಗಡಿ ಇರುವುದು ಕುರ್ಲಾ ವೆಸ್ಟ್‌ನ ಅಕ್ವೇರಿಯಂ ಅಂಗಡಿಗಳ ಸಾಲಿನಲ್ಲಿ. ಹೆಸರು ಹಾಕುವುದಿಲ್ಲ. ಬೈಯುವುದೂ ಇದೆ, ಹೊಗಳುವುದೂ ಇದೆ, ಮತ್ತೆ ಒಳಗೆ ಕೆಲಸ ಮಾಡುವ ಅಣ್ಣನಿಗೆ ನನ್ನಿಂದ ತೊಂದರೆ ಆಗುವುದು ಬೇಡ. ಆ ಸಾಲಿನ ಯಾವ ಅಂಗಡಿಗೆ ಹೋದರೂ ಈ ಮಾತುಗಳಲ್ಲಿ ಅರ್ಧ ಹೊಂದುತ್ತವೆ ಬಿಡಿ.

ನಾನಿರುವುದು ಚೆಂಬೂರಿನಲ್ಲಿ. ಹಾರ್ಬರ್ ಲೈನ್‌ನಲ್ಲಿ ಎರಡೇ ಸ್ಟೇಷನ್. ಮನೆಯಲ್ಲಿ ನಾಯಿ ಸಾಕಲು ಸೊಸೈಟಿಯವರು ಬಿಡುವುದಿಲ್ಲ, ಬೆಕ್ಕಿಗೆ ನನ್ನ ಗಂಡನಿಗೆ ಸೀನು ಬರುತ್ತದೆ, ಮೀನು ಸಾಕಿ ಎರಡು ಸಲ ಸೋತಿದ್ದೆ. ಸಣ್ಣ ಟ್ಯಾಂಕಿನಲ್ಲಿ ಚೆರ್ರಿ ಸೀಗಡಿ (ನೋಡಲಷ್ಟೇ ಸಾಕುವ, ಸಿಹಿ ನೀರಿನ ಬಣ್ಣದ ಪುಟ್ಟ ಸೀಗಡಿ) ಸಾಕಬಹುದು ಅಂತ ಯಾರೋ ಹೇಳಿದ್ದು ತಲೆಯಲ್ಲಿ ಕೂತಿತ್ತು. ಹೋದ ವರ್ಷ ಅಕ್ಟೋಬರ್‌ನ ಒಂದು ಭಾನುವಾರ ಹೋದೆ. ಭಾನುವಾರ ಹೋಗಬೇಡಿ. ಕಾಲಿಡಲು ಜಾಗ ಇರುವುದಿಲ್ಲ, ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ಮುಂಭಾಗದಲ್ಲಿ ಇರುವ ಹುಡುಗರು ಮಾತಿನ ಮಲ್ಲರು. ನಾನು "ಸೀಗಡಿ" ಅಂದದ್ದೇ ತಡ, 2,800 ರೂಪಾಯಿಯ ಒಂದು ಕಿಟ್ ತೆಗೆದು ಮುಂದಿಟ್ಟರು. ಒಂದು ದುಂಡನೆಯ ಗಾಜಿನ ಬೋಗುಣಿ, ನೀಲಿ ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಒಂದು ಫಿಲ್ಟರ್, ಒಂದು ಹೀಟರ್, ಹತ್ತು ಸೀಗಡಿ, ಎರಡು ಬಸವನಹುಳು. ಎಲ್ಲ ಒಟ್ಟಿಗೆ. ಮನೆಗೆ ಹೋಗಿ ನೀರು ತುಂಬಿ ಬಿಟ್ಟರಾಯಿತು, ಅಂದರು. ಹೀಟರ್ ಯಾಕೆ ಅಂತ ಕೇಳಿದೆ. ಮುಂಬೈಯಲ್ಲಿ ನಮಗೇ ಹೀಟರ್ ಬೇಡ, ಸೀಗಡಿಗೆ ಯಾಕಪ್ಪಾ? "ಕಿಟ್‌ನಲ್ಲೇ ಬರುತ್ತೆ ಮೇಡಂ" ಅಂದ. ಸರಿ.

ದುಡ್ಡು ಕೊಡಬೇಕು ಅನ್ನುವಷ್ಟರಲ್ಲಿ ಅಂಗಡಿಯ ಹಿಂದಿನ ಕತ್ತಲಲ್ಲಿ ಯಾರೋ ಫೋನಿನಲ್ಲಿ "ಹೂಂ ಯವ್ವಾ, ಉಂಡೆ, ಈಗಷ್ಟ ಉಂಡೆ" ಅಂದದ್ದು ಕೇಳಿಸಿತು. ಕುರ್ಲಾದ ಆ ಗದ್ದಲದಲ್ಲಿ ಕನ್ನಡ! ಹಿಂದೆ ಹೋಗಿ ನೋಡಿದರೆ ಒಬ್ಬರು ಬನಿಯನ್ ಹಾಕಿಕೊಂಡು ಸ್ಪಂಜು ಹಿಂಡುತ್ತಿದ್ದಾರೆ. ಬಾಗಲಕೋಟೆ ಕಡೆಯವರು. ಸುತ್ತ ನಾಲ್ಕು ಸಾಲು ಸಣ್ಣ ಟ್ಯಾಂಕುಗಳು, ಒಂದೊಂದರಲ್ಲೂ ಸ್ಪಂಜಿನ ಫಿಲ್ಟರ್, ಒಂದೊಂದು ಹಿಡಿ ಪಾಚಿ. ಮುಂದಿನ ಥಳುಕು ಒಂದೂ ಇಲ್ಲ. ನಾನು ಕಿಟ್ ಕೊಂಡುಕೊಳ್ಳುತ್ತಿದ್ದೇನೆ ಅಂದೆ. ಅವರು ಮುಂದಿನ ಹುಡುಗನ ಕಡೆ ಒಮ್ಮೆ ನೋಡಿ ದನಿ ಇಳಿಸಿ ಹೇಳಿದರು: "ಅಕ್ಕಾರ, ಡಬ್ಬಿ ಬೇಕಾದ್ರ ಇವತ್ತ ಒಯ್ಯರಿ, ಹುಳ ಒಯ್ಯಬ್ಯಾಡ್ರಿ. ನೀರು ಹಣ್ಣಾಗಬೇಕು. ಹಸಿ ನೀರಾಗ ಬಿಟ್ರ ಸಾಯ್ತಾವ್ರಿ."

ನೀರು ಹಣ್ಣಾಗುವುದು. ಈ ಮಾತಿಗೇ ಒಂದು ಸ್ಟಾರ್ ಕೊಡಬಹುದು. ವಿಷಯ ಇಷ್ಟೇ: ಪ್ರಾಣಿಯ ಮಲ, ಉಳಿದ ತಿಂಡಿ, ಕೊಳೆತ ಎಲೆ, ಎಲ್ಲದರಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ, ಅದು ಸ್ವಲ್ಪ ಇದ್ದರೆ ತೊಂದರೆ ಇಲ್ಲ, ಗಿಡ ಹೀರಿಕೊಳ್ಳುತ್ತದೆ. ಈ ಎರಡೂ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ, ಕಲ್ಲಿನ ಮೇಲೆ ಸಂಸಾರ ಹೂಡಲು ನಾಲ್ಕರಿಂದ ಆರು ವಾರ ಬೇಕು. ಹೊಸ ಟ್ಯಾಂಕಿಗೆ ಅದೇ ದಿನ ಜೀವ ಬಿಟ್ಟರೆ ಅದು ತನ್ನ ಮಲದ ವಿಷದಲ್ಲೇ ಸಾಯುತ್ತದೆ. ನನ್ನ ಎರಡು ಸಲದ ಮೀನು ಯಾಕೆ ಸತ್ತವು ಅಂತ ಅವತ್ತು ಗೊತ್ತಾಯಿತು. ಆ ಮೀನು ಮಾರಿದವರು ಒಬ್ಬರೂ ಇದನ್ನು ಹೇಳಿರಲಿಲ್ಲ.

ಹೀಗೆ ನಾನು ಕಿಟ್ ಬಿಟ್ಟು, ಒಂದೂವರೆ ಅಡಿಯ ಸಾದಾ ಚೌಕದ ಟ್ಯಾಂಕು, ಒಂದು ಸ್ಪಂಜ್ ಫಿಲ್ಟರ್, ಒಂದು ಹಿಡಿ ಜಾವಾ ಮಾಸ್ ಅನ್ನುವ ನೀರ ಪಾಚಿ ತಂದೆ. ಒಟ್ಟು 1,400 ರೂಪಾಯಿ. ಕಿಟ್‌ನ ಫಿಲ್ಟರ್ ಎಳೆಯುವ ರಭಸಕ್ಕೆ ಸೀಗಡಿ ಮರಿಗಳು ಒಳಗೆ ಹೋಗಿ ನುಚ್ಚಾಗುತ್ತವಂತೆ. ದುಂಡು ಬೋಗುಣಿಯಲ್ಲಿ ನೀರು ಕಡಿಮೆ, ಕಡಿಮೆ ನೀರು ಬೇಗ ಕೆಡುತ್ತದೆ. ಇಷ್ಟು ಸರಳವಾದದ್ದನ್ನು ಅದೇ ಅಂಗಡಿಯ ಮುಂದಿನವರು ಹೇಳುವುದಿಲ್ಲ, ಹಿಂದಿನವರು ಹೇಳುತ್ತಾರೆ. ರಿವ್ಯೂ ಅಲ್ಲಿಗೇ ಮುಗಿಯಬೇಕಿತ್ತು, ಆದರೆ ಕೇಳಿ.

ನವೆಂಬರ್ ಕೊನೆಗೆ ಮತ್ತೆ ಹೋದೆ, ಈ ಸಲ ಮಂಗಳವಾರ. 50 ರೂಪಾಯಿಗೆ ಒಂದರಂತೆ ಹತ್ತು ಕೆಂಪು ಚೆರ್ರಿ. ಒಂದು ಚೀಲದಲ್ಲಿ ಕೆಂಪು, ಹಳದಿ, ನೀಲಿ ಎಲ್ಲ ಸೇರಿಸಿ "ಮಿಕ್ಸ್" ಅಂತ ಮುಂದೆ ಜಾಸ್ತಿ ಬೆಲೆಗೆ ಮಾರುತ್ತಾರೆ, ನೋಡಲು ಜಾತ್ರೆಯ ಬಳೆ ಅಂಗಡಿಯ ಹಾಗೆ. ಕೊಳ್ಳಬೇಡಿ. ಅವೆಲ್ಲ ಒಂದೇ ಜಾತಿ, ಚೀನಾ ತೈವಾನ್ ಕಡೆಯ ಹೊಳೆಗಳದ್ದು, ಹುಟ್ಟು ಬಣ್ಣ ಮಾಸಲು ಕಂದು. ಮನುಷ್ಯರು ಆರಿಸಿ ಆರಿಸಿ ಬೆಳೆಸಿ ಈ ಬಣ್ಣ ತಂದದ್ದು. ಬಣ್ಣಗಳನ್ನು ಬೆರೆಸಿ ಬಿಟ್ಟರೆ ಕೆಲವು ತಲೆಮಾರಿನಲ್ಲಿ ಮರಿಗಳು ಮತ್ತೆ ಕಂದಿಗೇ ತಿರುಗುತ್ತವೆ. ಹಾಗೇ ಅಮಾನೋ ಅನ್ನುವ ಇನ್ನೊಂದು ಜಾತಿಯ ಸೀಗಡಿಯನ್ನೂ "ಮರಿ ಹಾಕುತ್ತೆ" ಅಂತ ಕೊಡುತ್ತಾರೆ. ಹಾಕುತ್ತದೆ, ಆದರೆ ಆ ಮರಿ ಬದುಕಲು ಉಪ್ಪು ನೀರು ಬೇಕು, ನಮ್ಮ ಮನೆಯ ಸಿಹಿ ನೀರಿನಲ್ಲಿ ಒಂದೂ ಉಳಿಯುವುದಿಲ್ಲ. ಚೆರ್ರಿಯದ್ದು ಹಾಗಲ್ಲ. ಹೆಣ್ಣು ಮೂರು ನಾಲ್ಕು ವಾರ ಮೊಟ್ಟೆಗಳನ್ನು ಹೊಟ್ಟೆಯ ಕೆಳಗೆ ಹೊತ್ತು, ಸಣ್ಣ ಕಾಲುಗಳಿಂದ ಗಾಳಿ ಬೀಸುತ್ತಾ ಇರುತ್ತದೆ. ಆಮೇಲೆ ಹೊರಬರುವುದು ಅಕ್ಕಿ ನುಚ್ಚಿನಷ್ಟು ಗಾತ್ರದ, ಪೂರ್ತಿ ಸೀಗಡಿ.

ಕುಂದಾಪುರದಿಂದ ಬಂದಿದ್ದ ಅಮ್ಮ ಮೂಗಿನ ಮೇಲೆ ಬೆರಳಿಟ್ಟರು. "ಇಷ್ಟ್ ಸಣ್ಣ ಚಟ್ಲಿ ತಕಂಡ್ ಎಂತ ಮಾಡುದ್ ಹೆಣ್ಣೆ, ಗಸಿಗೂ ಸಾಲ." ಐವತ್ತು ರೂಪಾಯಿಗೆ ಒಂದು ಅಂತ ಅವರಿಗೆ ಇವತ್ತಿಗೂ ಹೇಳಿಲ್ಲ. ಮೂರನೇ ದಿನ ಅಡುಗೆಮನೆಗೆ ಓಡಿ ಬಂದರು, "ಅಯ್ಯೋ, ಒಂದ್ ಸತ್ತೋಯ್ತ್ ಕಾಣ್!" ನೋಡಿದರೆ ಪೊರೆ. ಸೀಗಡಿ ಬೆಳೆಯಬೇಕಾದರೆ ಚಿಪ್ಪನ್ನೇ ಕಳಚಬೇಕು, ಕಣ್ಣು ಮೀಸೆ ಸಮೇತ ಇಡೀ ಅಂಗಿ ಬಿಟ್ಟು ಹೋಗುತ್ತದೆ. ಸತ್ತದ್ದು ಬೆಂದ ಸೀಗಡಿಯ ಹಾಗೆ ಬೆಳ್ಳಗೆ ಗುಲಾಬಿಯಾಗಿ ಕಾಣುತ್ತದೆ, ಪೊರೆ ಗಾಜಿನ ಹಾಗೆ ಇರುತ್ತದೆ. ತೆಗೆದು ಬಿಸಾಡಬೇಡಿ, ಅವೇ ತಿಂದು ಅದರ ಸುಣ್ಣವನ್ನು ವಾಪಸ್ ಪಡೆಯುತ್ತವೆ.

ಸುಣ್ಣ ಅಂದಾಗ ನೆನಪಾಯಿತು, ಮುಂಬೈ ನೀರು. ನಮ್ಮ ನಲ್ಲಿಗೆ ಬರುವುದು ತಾನ್ಸಾ, ಭಾತ್ಸಾ, ವೈತರಣಾ ಕಡೆಯ ಕೆರೆಗಳ ನೀರು, ಅಂದರೆ ಮಳೆ ನೀರು. ಸಾಬೂನು ನೊರೆ ಚೆನ್ನಾಗಿ ಬರುತ್ತದೆ, ಬೇಳೆ ಬೇಗ ಬೇಯುತ್ತದೆ, ಆದರೆ ಚಿಪ್ಪು ಕಟ್ಟುವ ಪ್ರಾಣಿಗೆ ಅದರಲ್ಲಿ ಸುಣ್ಣವೇ ಇಲ್ಲ. ನನ್ನ ಆ್ಯಪಲ್ ಬಸವನಹುಳುವಿನ ಚಿಪ್ಪು ಎರಡು ತಿಂಗಳಲ್ಲಿ ಗುಂಡಿ ಗುಂಡಿಯಾಗಿ ಸವೆಯಿತು. ಮುಂದಿನ ಹುಡುಗ 450 ರೂಪಾಯಿಯ ಒಂದು "ಮಿನರಲ್" ಬಾಟಲಿ ತೋರಿಸಿದ. ಹಿಂದಿನ ಅಣ್ಣ ಗಿಳಿ ಪಂಜರಕ್ಕೆ ಸಿಕ್ಕಿಸುವ ಬಿಳಿ ಹಲಗೆ ಕೊಟ್ಟರು, 40 ರೂಪಾಯಿ. ಅದು ಕಟಲ್‌ಫಿಶ್‌ನ ಒಳ ಚಿಪ್ಪು, ನಮ್ಮ ಬೊಂಡಾಸ್‌ನ (ಸ್ಕ್ವಿಡ್) ನೆಂಟ. ಅದನ್ನು ಮುರಿದು ಒಂದು ತುಂಡು ನೀರಿಗೆ ಹಾಕಿದರೆ ನಿಧಾನವಾಗಿ ಕರಗುತ್ತದೆ. ಮರವಂತೆ ಬೀಚಿನಲ್ಲಿ ಚಿಕ್ಕವರಿದ್ದಾಗ ಇದನ್ನು ದೋಣಿ ಮಾಡಿ ಬಿಡುತ್ತಿದ್ದೆವು, ಈಗ ದುಡ್ಡು ಕೊಟ್ಟು ತಂದೆ ನೋಡಿ. ಬಸವನಹುಳುವಿನ ಹೊಸ ಚಿಪ್ಪು ಈಗ ನಯವಾಗಿ ಬರುತ್ತಿದೆ, ಹಳೆಯ ಗುಂಡಿ ಹಾಗೇ ಇದೆ. ಇನ್ನೊಂದು, ನಲ್ಲಿ ನೀರಿನ ಕ್ಲೋರಿನ್. ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟು ಆಮೇಲೆ ಹಾಕಿ, ಅದೂ ಒಂದು ಸಲಕ್ಕೆ ಕಾಲು ಭಾಗಕ್ಕಿಂತ ಕಡಿಮೆ. ನೀರನ್ನು ದಿಢೀರನೆ ಬದಲಿಸಿದರೆ ಸೀಗಡಿ ಹೊತ್ತಲ್ಲದ ಹೊತ್ತಿನಲ್ಲಿ ಪೊರೆ ಬಿಡಲು ಹೋಗಿ ಅರ್ಧಕ್ಕೆ ಸಿಕ್ಕಿಕೊಂಡು ಸಾಯುತ್ತದೆ.

ಈಗ ಬಿಟ್ಟಿ ಬಂದವರ ವಿಷಯ. ಜಾವಾ ಮಾಸ್ ಜೊತೆ ಎಷ್ಟು ಜನ ಬಂದರು ಗೊತ್ತಾ? ಒಂದು ರಾತ್ರಿ ಟಾರ್ಚು ಹಿಡಿದು ಕೂತು ಎಣಿಸಿದೆ. ಗಾಜಿನ ಮೇಲೆ ಸಾಸಿವೆ ಕಾಳಿನಷ್ಟು ಬಸವನಹುಳುಗಳು, ಕೇಳದೇ ಬಂದ ನೆಂಟರು. ಒಂದೇ ಒಂದು ಬಂದರೂ ಸಾಕು, ಕೆಲವು ಜಾತಿಗೆ ಜೋಡಿಯೇ ಬೇಡ, ತಾನೇ ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ಅವುಗಳಲ್ಲಿ ರಾಮ್ಸ್‌ಹಾರ್ನ್ ಅನ್ನುವ ಚಪ್ಪಟೆ ಸುರುಳಿಯದು ಕೆಂಪಗೆ ಇರುತ್ತದೆ, ಅದರ ರಕ್ತದಲ್ಲಿ ನಮ್ಮ ಹಾಗೇ ಹಿಮೋಗ್ಲೋಬಿನ್ ಇದೆ. ಕಲ್ಲಿನ ಸಂದಿಯಲ್ಲಿ ದಾರದ ತುಂಡಿನಂಥ ಹುಳುಗಳು, ಎರೆಹುಳದ ದಾಯಾದಿಗಳು. ಬಾಣದ ತಲೆಯ ಪ್ಲನೇರಿಯಾ ಅನ್ನುವ ಚಪ್ಪಟೆ ಹುಳು ಒಂದು, ಅದನ್ನು ಎರಡು ತುಂಡು ಮಾಡಿದರೆ ಎರಡು ಪ್ಲನೇರಿಯಾ, ರಕ್ತಬೀಜಾಸುರನ ವಂಶ. ಮತ್ತೆ ಬಿಳಿ ಚುಕ್ಕಿಗಳು ಜಿಗಿಯುತ್ತಿದ್ದವು, ಸೈಕ್ಲಾಪ್ಸ್, ಒಂಟಿ ಕಣ್ಣಿನವು, ಹೆಣ್ಣಿಗೆ ಎರಡೂ ಕಡೆ ಮೊಟ್ಟೆ ಚೀಲ ಜೋತಾಡುತ್ತಿರುತ್ತದೆ. ಇದನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಅಂಗಡಿಯ ಅಣ್ಣನಿಗೆ ತೋರಿಸಿದೆ. ಅವರು ನಗಲಿಲ್ಲ. "ನಮ್ಮ ಅಜ್ಜನ ಕಾಲಿಗೆ ನಾರುಹುಣ್ಣ ಆಗಿತ್ತರಿ" ಅಂದರು. ನಾರುಹುಣ್ಣಿನ (ಗಿನಿ ವರ್ಮ್ ರೋಗದ) ಹುಳ ಮನುಷ್ಯನ ಹೊಟ್ಟೆಗೆ ಹೋಗುತ್ತಿದ್ದದ್ದು ಬಾವಿ ನೀರಿನ ಈ ಸೈಕ್ಲಾಪ್ಸ್ ಒಳಗೆ ಕೂತೇ. ಮೆಟ್ಟಿಲಿಳಿದು ನೀರು ತುಂಬುವ ಬಾವಿಗಳಿದ್ದ ಊರುಗಳಲ್ಲಿ ಕಾಟ ಜಾಸ್ತಿ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದನ್ನು ಊರೂರಿಗೆ ಕಲಿಸಿ, ಬಾವಿ ಸರಿಪಡಿಸಿ ಆ ರೋಗವನ್ನು ಓಡಿಸಿದರು, ನಮ್ಮ ದೇಶದಲ್ಲಿ ಅದು ಇಲ್ಲ ಅಂತ 2000ದಲ್ಲಿ ಘೋಷಣೆಯಾಯಿತು. ಟ್ಯಾಂಕಿನಲ್ಲಿ ಈ ಚುಕ್ಕಿಗಳಿಂದ ಯಾವ ಕೇಡೂ ಇಲ್ಲ, ಇರಲಿ ಬಿಡಿ. ಆದರೆ ಅವತ್ತಿನಿಂದ ಅವುಗಳನ್ನು ಬೇರೆ ಥರ ನೋಡುತ್ತೇನೆ.

ಕೇಡು ಮಾಡುವವನು ಹೈಡ್ರಾ. ಅರ್ಧ ಸೆಂಟಿಮೀಟರ್ ಉದ್ದದ ಹಸಿರು ದಾರ, ತುದಿಯಲ್ಲಿ ಐದಾರು ಕೈ. ಅಂಬಲಿ ಮೀನು (ಜೆಲ್ಲಿಫಿಶ್), ಹವಳ ಇವುಗಳ ಬಳಗ, ಅದೇ ಥರ ಚುಚ್ಚುವ ಕೈಗಳು, ಸೀಗಡಿ ಮರಿ ಸಿಕ್ಕರೆ ಬಿಡುವುದಿಲ್ಲ. ಫೆಬ್ರವರಿಯಲ್ಲಿ ಗಾಜಿನ ತುಂಬ ಹೈಡ್ರಾ. ಅಂಗಡಿಗೆ ಓಡಿದೆ. ಅಣ್ಣ ಊರಿಗೆ ಹೋಗಿದ್ದರು. ಮುಂದಿನ ಹುಡುಗ ಕಣ್ಣು ಮಿಟುಕಿಸದೆ ಒಂದು ಬಾಟಲಿ ಕೊಟ್ಟ, ಎಲ್ಲ ಹುಳಕ್ಕೂ ಇದೇ ಮೇಡಂ, 180 ರೂಪಾಯಿ. ಸೀಗಡಿಗೆ ಏನೂ ಆಗಲ್ವಾ ಅಂತ ಎರಡು ಸಲ ಕೇಳಿದೆ. ಏನೂ ಆಗಲ್ಲ ಅಂದ.

ರಾತ್ರಿ ಅರ್ಧ ಮುಚ್ಚಳದಷ್ಟು ಔಷಧಿ ಹಾಕಿದೆ. ಆಗ ಮರಿ ಮಕ್ಕಳೆಲ್ಲ ಸೇರಿ ಮೂವತ್ತರ ಹತ್ತಿರ ಇದ್ದವು. ಬೆಳಗ್ಗೆ ಎಣಿಸಿದರೆ ಐದು. ಉಳಿದವು ಕಲ್ಲಿನ ಮೇಲೆ ಪಕ್ಕಕ್ಕೆ ಬಿದ್ದು ಕಾಲು ಆಡಿಸುತ್ತಿದ್ದವು, ಮಧ್ಯಾಹ್ನದೊಳಗೆ ಅದೂ ನಿಂತಿತು. ಬಾಟಲಿಯನ್ನು ಬೆಳಕಿಗೆ ಹಿಡಿದು ಸಣ್ಣ ಅಕ್ಷರ ಓದಿದೆ, ಕಾಪರ್ ಸಲ್ಫೇಟ್. ಮೈಲುತುತ್ತ. ಮೀನಿನ ರೋಗಕ್ಕೆ ಕೊಡುವ ಔಷಧಿ, ಸೀಗಡಿಗೂ ಬಸವನಹುಳುವಿಗೂ ನೇರ ವಿಷ. ತಮಾಷೆ ಅಂದರೆ ಸೀಗಡಿಯ ರಕ್ತದಲ್ಲಿ ಉಸಿರು ಹೊರುವುದೇ ತಾಮ್ರ, ನಮಗೆ ಕಬ್ಬಿಣ ಇದ್ದ ಹಾಗೆ, ಅದಕ್ಕೇ ಅದರ ರಕ್ತ ನೀಲಿ ಛಾಯೆ. ಅದೇ ತಾಮ್ರ ನೀರಿನಲ್ಲಿ ಚೂರು ಜಾಸ್ತಿಯಾದರೆ ಅದರ ಕಿವಿರನ್ನು ಕೆಡಿಸುತ್ತದೆ. ಬಾಟಲಿ ತೆಗೆದುಕೊಂಡು ಹೋಗಿ ಜಗಳ ಆಡಿದೆ. "ನೀವು ಜಾಸ್ತಿ ಹಾಕಿರಬೇಕು" ಅಂದರು. ದುಡ್ಡು ವಾಪಸ್ ಇಲ್ಲ, ಬಾಯಿ ಮಾತಿಗೊಂದು ಕ್ಷಮೆ ಕೂಡ ಇಲ್ಲ. ಮುಂಭಾಗಕ್ಕೆ 1 ಸ್ಟಾರ್ ಯಾಕೆ ಅಂದರೆ ಇದಕ್ಕೆ. ಸೊನ್ನೆ ಕೊಡಲು ಜಾಗ ಇಲ್ಲದ್ದಕ್ಕೆ 1.

ಅಣ್ಣ ಊರಿಂದ ಬಂದ ಮೇಲೆ ವಿಷಯ ಕೇಳಿ ಮಾತಾಡಲಿಲ್ಲ. ಕಲ್ಲೆಲ್ಲ ಬಿಸಾಡಿ, ಹೊಸ ಇದ್ದಿಲು ಹಾಕಿ, ದಿನಾ ಸ್ವಲ್ಪ ಸ್ವಲ್ಪ ನೀರು ಬದಲಿಸಿ ಅಂತ ಹೇಳಿ, ಎಂಟು ಸೀಗಡಿಯನ್ನು ಒಂದು ಚೀಲಕ್ಕೆ ಹಾಕಿ ಕೈಗೆ ಕೊಟ್ಟರು. ದುಡ್ಡು ತಗೊಳ್ಳಲಿಲ್ಲ. ಅವರ ಸಂಬಳದಿಂದ ಹೋಯಿತೋ ಏನೋ, ನನಗೆ ಕೇಳುವ ಧೈರ್ಯ ಆಗಲಿಲ್ಲ. ಹೈಡ್ರಾಗೆ ಅವರ ಮದ್ದು: ತಿಂಡಿ ಕಡಿಮೆ ಹಾಕಿ. ಎರಡು ದಿನಕ್ಕೊಮ್ಮೆ ಒಂದು ಚೂರು ಬೆಂದ ಪಾಲಕ್, ಮೂರು ಗಂಟೆ ಬಿಟ್ಟು ಉಳಿದದ್ದು ತೆಗೆಯಿರಿ. ಎರಡು ತಿಂಗಳಲ್ಲಿ ಹೈಡ್ರಾ ಎಲ್ಲೋ ಒಂದೊಂದು ಉಳಿಯಿತು.

ಮೇ ತಿಂಗಳಲ್ಲಿ ನೀರು 32 ಡಿಗ್ರಿ ಮುಟ್ಟಿತು. ಸೀಗಡಿಗೆ 28 ದಾಟಿದರೆ ಕಷ್ಟ, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಟೇಬಲ್ ಫ್ಯಾನ್ ನೀರಿನ ಮೇಲೆ ತಿರುಗಿಸಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕಿಟ್‌ನ ಹೀಟರ್ ನೆನಪಾಗಿ ನಗು ಬಂತು.

ಈ ಅಂಗಡಿಯ ಮೇಲೆ ನನಗೆ ನಿಜವಾಗಿ ಸಿಟ್ಟು ಬರುವುದು ಬಾಗಿಲ ಹತ್ತಿರ ನೇತುಹಾಕಿದ ತಂತಿ ಪಂಜರಕ್ಕೆ. ಒಳಗೆ ಸನ್ಯಾಸಿ ಏಡಿಗಳು (ಹರ್ಮಿಟ್ ಕ್ರ್ಯಾಬ್), ಚಿಪ್ಪಿನ ಮೇಲೆ ಕಾರ್ಟೂನು, ಕ್ರಿಕೆಟ್ ತಂಡದ ಬಣ್ಣ. ಮಕ್ಕಳು ಹಟ ಮಾಡುತ್ತವೆ, ಅಪ್ಪಂದಿರು 200 ರೂಪಾಯಿ ಕೊಟ್ಟು ಒಯ್ಯುತ್ತಾರೆ. ಜೊತೆಗೆ ಒಂದು ಸ್ಪಂಜು, ಒಂದು ಚಮಚ ಒಣ ತಿಂಡಿ. ಈ ಏಡಿ ಉಸಿರಾಡುವುದು ಕಿವಿರಿನಿಂದಲೇ, ಆ ಕಿವಿರು ಸದಾ ಒದ್ದೆ ಇರಬೇಕು, ಅಂದರೆ ಸುತ್ತಲ ಗಾಳಿಯಲ್ಲೇ ತೇವ ಬೇಕು, ಮುಚ್ಚಿದ ಗಾಜಿನ ಪೆಟ್ಟಿಗೆ ಬೇಕು. ಸಿಹಿ ನೀರು ಒಂದು ಬಟ್ಟಲು, ಉಪ್ಪು ನೀರು ಒಂದು ಬಟ್ಟಲು, ಉಪ್ಪು ಅಂದರೆ ಅಡುಗೆ ಉಪ್ಪಲ್ಲ, ಸಮುದ್ರದ ಉಪ್ಪು. ಪೊರೆ ಬಿಡುವಾಗ ವಾರಗಟ್ಟಲೆ ಮರಳಿನಲ್ಲಿ ಹೂತುಕೊಳ್ಳುತ್ತದೆ, ಅದಕ್ಕೆ ಮೈ ಮುಳುಗುವಷ್ಟು ಆಳದ ಒದ್ದೆ ಮರಳು ಬೇಕು. ತಂತಿ ಪಂಜರದಲ್ಲಿ ಇದರಲ್ಲಿ ಒಂದೂ ಇಲ್ಲ. ಚೆನ್ನಾಗಿ ನೋಡಿಕೊಂಡರೆ 30 ವರ್ಷ ಬದುಕಿದ್ದೂ ಇದೆ, ಇಲ್ಲಿ ಮೂರು ತಿಂಗಳು. ಇವು ಮನೆಯಲ್ಲಿ ಮರಿ ಮಾಡುವುದು ತೀರಾ ಅಪರೂಪ, ಮರಿಗಳು ಮೊದಲು ಸಮುದ್ರದಲ್ಲಿ ತೇಲಿ ಬೆಳೆಯಬೇಕು. ಹಾಗಾಗಿ ಮಾರುವವೆಲ್ಲ ಹೆಚ್ಚುಕಡಿಮೆ ಯಾವುದೋ ಕಡಲ ತೀರದಿಂದ ಹೆಕ್ಕಿ ತಂದವೇ. ಅಣ್ಣನ ಮುಂದೆ ಈ ಮಾತು ಎತ್ತಿದರೆ ಸ್ಪಂಜು ಹಿಂಡುತ್ತಾ "ಅದು ಮಾಲಕರದ್ದರಿ" ಅಂತ ಅಷ್ಟೇ ಹೇಳುತ್ತಾರೆ.

ಅದೇ ಸಾಲಿನ ಬೇರೊಂದು ಕಡೆ ಒಬ್ಬ "ನಿಜ ಹವಳ ಬೇಕಾ ಮೇಡಂ" ಅಂತ ಕಿವಿಯಲ್ಲಿ ಕೇಳಿದ್ದ. ಕಲ್ಲು ಹವಳ 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಯ ಜೊತೆ ಒಂದೇ ಪಟ್ಟಿಯಲ್ಲಿ ಇದೆ, ಸಮುದ್ರ ಸೌತೆ (ಸೀ ಕುಕುಂಬರ್) ಅನ್ನುವ ಕಡಲ ಪ್ರಾಣಿಯೂ ಇದೆ. ಆಸೆಯಾದರೆ ಇಳಿತದ ಹೊತ್ತು ನೋಡಿಕೊಂಡು ಜುಹೂಗೋ ಗಿರ್ಗಾಂವ್ ಚೌಪಾಟಿಗೋ ಹೋಗಿ. ಮರೈನ್ ಲೈಫ್ ಆಫ್ ಮುಂಬೈ ಅನ್ನುವ ಗುಂಪಿನವರು 2017ರಿಂದ ಜನರನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದಾರೆ. ಕಾಲ ಬುಡದಲ್ಲೇ ಸಮುದ್ರ ಹೂವು (ಸೀ ಅನಿಮೋನಿ), ಶಂಖ, ಏಡಿ. ಮುಟ್ಟದೆ ನೋಡಿ ಬನ್ನಿ.

ಮತ್ತೆ ಒಂದು. ಬಸವನಹುಳು ಜಾಸ್ತಿಯಾಯಿತು ಅಂತ ಪೊವೈ ಕೆರೆಗೋ ಗಟಾರಕ್ಕೋ ಬಿಡಬೇಡಿ. ಮಳೆಗಾಲದಲ್ಲಿ ನಮ್ಮ ಚೆಂಬೂರಿನ ಕಾಂಪೌಂಡುಗಳಲ್ಲಿ ಅಂಗೈಯಗಲದ ಬಸವನಹುಳು ತುಂಬಿರುತ್ತದಲ್ಲ, ಅದು ಆಫ್ರಿಕಾದ್ದು. 1847ರಲ್ಲಿ ಬೆನ್ಸನ್ ಅನ್ನುವ ಶಂಖ ಚಿಪ್ಪಿನ ಹುಚ್ಚಿನ ಬ್ರಿಟಿಷ್ ಮನುಷ್ಯ ಮಾರಿಷಸ್‌ನಿಂದ ತಂದು ಕಲ್ಕತ್ತಾದ ಒಂದು ತೋಟದಲ್ಲಿ ಬಿಟ್ಟಿದ್ದು. ಈಗ ಅದು ಮುಟ್ಟದ ರಾಜ್ಯ ಹುಡುಕಬೇಕು. ಅಂಗಡಿಯವರು ಜಾಸ್ತಿಯಾದದ್ದನ್ನು ವಾಪಸ್ ತಗೊಳ್ಳುತ್ತಾರೆ, ಇದು ಅವರ ಒಳ್ಳೆಯ ಗುಣ. ಹೋದ ವಾರ ಇಪ್ಪತ್ತು ಸೀಗಡಿ ಕೊಟ್ಟು ಬಂದೆ, 15 ರೂಪಾಯಿಗೆ ಒಂದರಂತೆ ಲೆಕ್ಕ ಹಾಕಿ ಸಾಮಾನು ಕೊಟ್ಟರು. ನನ್ನ ಮನೆಯಲ್ಲಿ ಹುಟ್ಟಿದ್ದನ್ನು ಅವರು ಮತ್ತೆ 50ಕ್ಕೆ ಮಾರುತ್ತಾರೆ, ಇರಲಿ, ವ್ಯಾಪಾರ.

ಹೋಗುವವರಿಗೆ: ಕೆಲಸದ ದಿನ, ಬೆಳಗ್ಗೆ 11ರ ಮೇಲೆ. ಗಾಡಿ ನಿಲ್ಲಿಸಲು ಜಾಗ ಇಲ್ಲ, ಲೋಕಲ್‌ನಲ್ಲೇ ಹೋಗಿ. ಮನೆಯಿಂದ ಮುಚ್ಚಳದ ಡಬ್ಬಿ ಒಯ್ಯಿರಿ, ಪ್ಲಾಸ್ಟಿಕ್ ಚೀಲ ಸೋರುತ್ತದೆ. ಯುಪಿಐ ನಡೆಯುತ್ತದೆ. ಬಿಲ್ಲನ್ನು ಕೇಳಿದರೆ ಮಾತ್ರ ಕೊಡುತ್ತಾರೆ. ಮುಂದೆ ನಿಲ್ಲಬೇಡಿ, ನೇರ ಹಿಂದೆ ಹೋಗಿ. ಫೋನಿನಲ್ಲಿ ಯಾರಾದರೂ ಅವ್ವನ ಹತ್ತಿರ ಮಾತಾಡುತ್ತಿದ್ದರೆ ಮುಗಿಯುವವರೆಗೆ ಕಾಯಿರಿ.